ಹಿಂಕೋಣೆಯ ಗೋಡೆ

ಗೋಡೆಗಳಿಗೆ ಹೊಟ್ಟೆ ತುಂಬಿಸಿ ಮೂರು ವಾರ ಆಗುವಷ್ಟರಲ್ಲಿ ಆ ಮನೆಯ ಮಗ ಬರಿ ಬನಿಯನ್ನಿನಲ್ಲಿ ಓಡಾಡತೊಡಗಿದ. ಸೊಸೆ ಉಣ್ಣೆಯ ಕಾಲುಚೀಲ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ಮೊಮ್ಮಗಳು ಅಡುಗೆಮನೆಯ ನೆಲದ ಮೇಲೆ ಬರಿಗಾಲಲ್ಲಿ ಕೂತು ಪರೀಕ್ಷೆಗೆ ಓದತೊಡಗಿದಳು. ಹಿಂಕೋಣೆಯ ಮುದುಕಿ ಮಾತ್ರ ಎರಡು ಸ್ವೆಟರಿನ ಮೇಲೆ ಮೂರನೆಯದನ್ನು ಏರಿಸಿಕೊಂಡಳು.

ಬೀದಿಗೆಲ್ಲ ಅವಳು ಹಾಸಿಗೆಯಮ್ಮ. ನಲವತ್ತು ವರ್ಷ ಹತ್ತಿ ಹಿಂಜಿ, ಬಟ್ಟೆಯ ಚೀಲಕ್ಕೆ ತುಂಬಿ, ದಬ್ಬಣದಲ್ಲಿ ಹೊಲಿದು, ಊರಿನ ಅರ್ಧ ಜನರ ಬೆನ್ನಿನ ಕೆಳಗೆ ತನ್ನ ಕೆಲಸ ಹಾಸಿದವಳು. ಗಂಡ ಬೇಗ ಹೋದ. ಮಗ, ಮಗಳು ಇಬ್ಬರನ್ನೂ ಆ ದಬ್ಬಣವೇ ಸಾಕಿತು. ಮನೆಯ ಹಿಂದೆ ಅಂಟಿಕೊಂಡ ಆ ಕೋಣೆಯನ್ನು ಅವಳೇ ಹತ್ತಿಯ ಕೆಲಸಕ್ಕೆಂದು ಕಟ್ಟಿಸಿದ್ದಳು. ಬೆರಳಿನ ಗಂಟುಗಳು ಊದಿಕೊಂಡು ಕೆಲಸ ನಿಂತ ಮೇಲೆ ತನ್ನ ಮಂಚವನ್ನೂ ಅಲ್ಲಿಗೇ ಎಳೆಸಿಕೊಂಡಳು. ಎಪ್ಪತ್ತೊಂದು ವರ್ಷವಾದರೂ ಅವಳ ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು.

ಗೋಡೆ ತುಂಬಿಸುವ ಯೋಚನೆ ಮಗನದು. ಅವನು ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುವವನು. ಪ್ರತಿ ಚಳಿಗಾಲವೂ ಹೀಟರುಗಳಿಗೆ ಸುರಿಯುವ ಕರೆಂಟು ನೋಡಿ ನೋಡಿ ಸಾಕಾಗಿತ್ತು ಅವನಿಗೆ. ಮನೆಯ ಹೊರಗೋಡೆಗಳು ಹಲಗೆಯವು, ಎರಡು ಪದರ, ನಡುವೆ ನಾಲ್ಕು ಬೆರಳು ಖಾಲಿ. ಆ ಖಾಲಿಗೆ ಇನ್ಸುಲೇಷನ್ ತುಂಬಿಸಿದರೆ ಒಳಗಿನ ಶಾಖ ಒಳಗೇ ಇರುತ್ತದೆ, ಒಂದೇ ಹೀಟರಿನಲ್ಲಿ ಇಡೀ ಮನೆ ಬೆಚ್ಚಗಾಗುತ್ತದೆ ಎಂದು ಅಳಿಯ ಹೇಳಿದ್ದ. ಹೇಳಿದವನೇ ಮಾಡುವವನೂ ಆಗಿದ್ದ. ಹಾಸಿಗೆಯಮ್ಮನ ಮಗಳ ಗಂಡನ ಕಸುಬೇ ಅದು.

ಮೊದಲ ದಿನ ಅವನು ಯಂತ್ರ ತಂದು ಅಂಗಳದಲ್ಲಿಟ್ಟಾಗ ಹಾಸಿಗೆಯಮ್ಮ ಸ್ಟೂಲು ಹಾಕಿಕೊಂಡು ಎದುರಿಗೇ ಕೂತಳು. ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಹಿಸುಕಿದಳು. ಹಳೆಯ ಪೇಪರನ್ನು ನುಣ್ಣಗೆ ಹಿಂಜಿ, ಬೆಂಕಿ ಹತ್ತದಂತೆ ಏನೋ ಪುಡಿ ಬೆರೆಸಿದ ಬೂದುಬಣ್ಣದ ಅರಳೆ.

"ಇದು ಹತ್ತಿಗೆ ಬಡ ನೆಂಟ," ಎಂದಳು. "ಗಟ್ಟಿಯಾಗಿ ತುಂಬಿ ಅಳಿಯಂದ್ರೆ. ಸಡಿಲ ಬಿಟ್ರೆ ಎರಡು ವರ್ಷಕ್ಕೆ ಕುಸಿದು ಕೂತ್ಕೊಳ್ಳತ್ತೆ, ಮೇಲೆಲ್ಲ ಖಾಲಿ."

"ಗೊತ್ತು ಅತ್ತೆ. ಅದಕ್ಕೇ ಯಂತ್ರ ಇರೋದು."

"ಯಂತ್ರಕ್ಕೆ ಗೊತ್ತಿದ್ರೆ ಸಾಲದು, ಕೈಗೆ ಗೊತ್ತಿರಬೇಕು."

ಅವನು ನಕ್ಕ. ಗೋಡೆಯೊಳಗೆ ಎರಡು ಮರದ ಕಂಬಗಳ ನಡುವಿನದು ಒಂದು ಖಾನೆ. ಖಾನೆಗೊಂದು ತೂತು ಕೊರೆದು, ಕೊಳವೆ ತೂರಿಸಿ, ಅರಳೆ ಊದಿ, ಮೇಲೆ ಬೆಂಡಿನ ಬಿರಡೆ ಜಡಿಯುತ್ತ ಹೋದ. ಅವಳು ಸಂಜೆಯವರೆಗೂ ಕದಲಲಿಲ್ಲ. ಎರಡನೆಯ ದಿನ ಮಾತ್ರ ಕಾವಲು ತಪ್ಪಿತು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗ್ಗೆಯೇ ಬಂದು, "ಕಣ್ಣು ಪರೀಕ್ಷೆ ಮಾಡಿಸಿ ಮೂರು ವರ್ಷ ಆಯ್ತು, ಇವತ್ತು ಡಾಕ್ಟ್ರು ಬರ್ತಾರೆ, ಏಳಮ್ಮ," ಎಂದು ಎಬ್ಬಿಸಿಕೊಂಡು ಹೋದಳು. ಸಂಜೆ ಹೊಸ ಕನ್ನಡಕದ ಚೀಟಿಯೊಂದಿಗೆ ವಾಪಸು ಬಂದಾಗ ಹಿಂಕೋಣೆಯ ಗೋಡೆಯಲ್ಲಿ ಸಾಲಾಗಿ ಎಂಟು ಬಿರಡೆಗಳು ಕೂತಿದ್ದವು. ಹಾಸಿಗೆಯಮ್ಮ ಎಣಿಸಿ ನೋಡಿ ಸಮಾಧಾನಪಟ್ಟಳು. ಮರುದಿನ ಸೊಸೆ ಹಿಂಕೋಣೆಯ ಹೀಟರನ್ನು ಒರೆಸಿ ಅಟ್ಟಕ್ಕೆ ಏರಿಸಿದಳು. ಇನ್ನು ಹಜಾರದ ಒಂದೇ ಹೀಟರು ಎಲ್ಲರಿಗೂ ಸಾಕು ಎಂಬುದು ಮನೆಯ ಹೊಸ ಕಾನೂನಾಯಿತು.

ಕಾನೂನು ಎಲ್ಲ ಕೋಣೆಗೂ ಅನ್ವಯಿಸಿತು, ಶಾಖ ಮಾತ್ರ ಹಿಂಕೋಣೆಯ ಬಾಗಿಲಿಗೆ ಬಂದು ನಿಂತಿತು.

"ನನ್ನ ಕೋಣೇಲಿ ಚಳಿ ಹೋಗಿಲ್ಲ ಕಣೋ," ಎಂದಳು ಹಾಸಿಗೆಯಮ್ಮ, ಸಂಜೆ ಸೂಪಿನ ಬಟ್ಟಲಿಗೆ ಎರಡೂ ಕೈ ಅಂಟಿಸಿಕೊಂಡು.

"ಒಂದೇ ಮನೆ, ಒಂದೇ ಅರಳೆ. ಅಡುಗೆಮನೆ ಬೆಚ್ಚಗಾಗಿ ನಿನ್ನ ಕೋಣೆ ಆಗಲ್ಲ ಅಂದ್ರೆ ಹೇಗಮ್ಮ?" ಮಗ ಬ್ರೆಡ್ ಮುರಿಯುತ್ತ ಹೇಳಿದ. "ವಯಸ್ಸಾಯ್ತಲ್ಲ. ರಕ್ತ ಮೊದಲಿನ ಹಾಗೆ ಓಡಲ್ಲ."

"ರಕ್ತ ನನ್ನದು. ಬೆಳಗ್ಗೆ ಲೋಟದಲ್ಲಿಟ್ಟ ನೀರು ಹಲ್ಲು ಕಡೀತಿತ್ತು. ಅದಕ್ಕೂ ವಯಸ್ಸಾಯ್ತಾ?"

ಸೊಸೆ ಚಮಚ ಕೆಳಗಿಟ್ಟಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ದಿನವಿಡೀ ಹಬೆಯಲ್ಲಿ ಬೆಂದು ಬಂದವಳಿಗೆ ಮನೆಯಲ್ಲಿ ಮತ್ತೆ ಯಾರೂ ಕುದಿಯುವುದು ಬೇಡವಾಗಿತ್ತು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ನೀವು ಕಿಟಕಿ ತೆಗೀತೀರಾ?"

"ನಾನ್ಯಾಕೆ ತೆಗೀಲಿ?"

"ಅಭ್ಯಾಸ. ಹತ್ತಿ ಧೂಳು ಅಂತ ನಲವತ್ತು ವರ್ಷ ತೆಗೆದೇ ಇಟ್ಟಿದ್ರಂತಲ್ಲ. ಕೈ ತಾನಾಗೇ ಹೋಗ್ಬಹುದು."

"ನನ್ನ ಕೈ ನನ್ನ ಮಾತು ಕೇಳತ್ತೆ. ಊರವರ ಕೈ ಬಗ್ಗೆ ನಂಗೊತ್ತಿಲ್ಲ."

ಊಟ ಅಲ್ಲಿಗೆ ಮುಗಿಯಿತು. ಮರುದಿನ ಹಾಸಿಗೆಯಮ್ಮ ಬಚ್ಚಲಿನಿಂದ ಬರುವಷ್ಟರಲ್ಲಿ ಸೊಸೆ ಅವಳ ಕಿಟಕಿಯ ನಾಲ್ಕೂ ಅಂಚಿಗೆ ಅಗಲವಾದ ಅಂಟುಪಟ್ಟಿ ಬಡಿದಿದ್ದಳು. "ಗಾಳಿ ನುಸುಳದ ಹಾಗೆ," ಎಂದಳು. ಹೌದು, ಗಾಳಿ ನುಸುಳದ ಹಾಗೆ. ಯಾರಾದರೂ ತೆಗೆದರೆ ಪಟ್ಟಿ ಹರಿದು ಗೊತ್ತಾಗುವ ಹಾಗೂ ಇತ್ತು. ಅದು ಇಬ್ಬರಿಗೂ ಅರ್ಥವಾಯಿತು. ಸ್ವಂತ ಕೋಣೆಯಲ್ಲಿ ಕಳ್ಳಿಯ ಹಾಗೆ ಕಾವಲಿಗೆ ಸಿಕ್ಕಿಕೊಂಡೆನಲ್ಲ ಎಂದು ಹಾಸಿಗೆಯಮ್ಮನಿಗೆ ಅವಮಾನವಾಯಿತು. ಸೊಸೆ ಇತ್ತೀಚೆಗೆ ತನ್ನನ್ನು ನೋಡುವ ನೋಟವೇ ಬೇರೆಯಾಗಿದೆ, ಏನನ್ನೋ ತಿಳಿದುಕೊಂಡವಳ ಹಾಗೆ ನೋಡುತ್ತಾಳೆ ಎಂದೂ ಅನಿಸಿತು.

ಪಟ್ಟಿ ಒಂದು ವಾರ ಹರಿಯದೆ ಉಳಿಯಿತು. ಚಳಿಯೂ ಉಳಿಯಿತು. ಸೊಸೆ ದಿನಾ ಬಂದು ಪಟ್ಟಿಯ ಮೇಲೆ ಬೆರಳಾಡಿಸಿ, ಏನೂ ಸಿಗದೆ, ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದಳು.

ನಾಲ್ಕನೆಯ ವಾರ ಮೊಮ್ಮಗಳು ಶಾಲೆಯ ಪ್ರಯೋಗಶಾಲೆಯಿಂದ ಥರ್ಮಾಮೀಟರ್ ತಂದಳು. ಹದಿನಾರು ವರ್ಷದ ಹುಡುಗಿ, ಅಜ್ಜಿಯ ಮೇಲೆ ಪ್ರೀತಿ ಇತ್ತು, ಅದಕ್ಕಿಂತ ಹೆಚ್ಚಾಗಿ ವಿಜ್ಞಾನದ ಮೇಷ್ಟ್ರು ಕೊಟ್ಟ ಹೋಂವರ್ಕ್ ಇತ್ತು. ಎಲ್ಲ ಕೋಣೆಯಲ್ಲೂ ಕಾಲು ಕಾಲು ಗಂಟೆ ಇಟ್ಟು ಬರೆದುಕೊಂಡಳು. ಅಡುಗೆಮನೆ ಇಪ್ಪತ್ತೊಂದು. ಹಜಾರ ಇಪ್ಪತ್ತು. ಅವಳ ಕೋಣೆ ಇಪ್ಪತ್ತು. ಹಿಂಕೋಣೆ ಹನ್ನೆರಡು.

"ಅಜ್ಜಿ, ನಿಂದು ಬೇರೆ ದೇಶ," ಎಂದಳು. "ಪಾಸ್‌ಪೋರ್ಟ್ ತಗೊಂಡು ಬರ್ಬೇಕು ಇಲ್ಲಿಗೆ."

ಮಗ ಆ ಹಾಳೆಯನ್ನು ನಿಂತಲ್ಲೇ ನೋಡಿದ. "ಶಾಲೆಯ ಥರ್ಮಾಮೀಟರ್. ಎಷ್ಟು ಮಕ್ಕಳು ಬೀಳಿಸಿದ್ದಾರೋ."

"ಬಿದ್ದ ಥರ್ಮಾಮೀಟರ್ ನನ್ನ ಕೋಣೇಲಿ ಮಾತ್ರ ತಪ್ಪು ಹೇಳತ್ತಾ?" ಹಾಸಿಗೆಯಮ್ಮ ಕೇಳಿದಳು. "ಬೇಡಪ್ಪ, ಅದನ್ನೂ ನಂಬಬೇಡ. ನೀನೇ ಬಂದು ಒಂದು ನಿಮಿಷ ನಿಂತು ನೋಡು."

"ವ್ಯಾನ್ ಲೋಡ್ ಆಗ್ತಿದೆ ಅಮ್ಮ. ಆಮೇಲೆ ಬರ್ತೀನಿ."

ಅವನು ಬರಲಿಲ್ಲ. ಯೋಚಿಸಿ ನೋಡಿದರೆ ಗೋಡೆ ಕೆಲಸ ಆದಾಗಿನಿಂದ ಅವನು ಆ ಕೋಣೆಯ ಹೊಸಿಲು ದಾಟಿರಲಿಲ್ಲ. ಮಾತಾಡುವುದಿದ್ದರೆ ಹಜಾರದಿಂದಲೇ ಕೂಗುತ್ತಿದ್ದ. ಆದರೆ ಹಾಸಿಗೆಯಮ್ಮನ ಅನುಮಾನ ಆ ಕಡೆ ತಿರುಗಲಿಲ್ಲ. ಹೆತ್ತವಳ ಅನುಮಾನ ಅಷ್ಟು ಸುಲಭವಾಗಿ ಹೆತ್ತ ಮಗನ ಕಡೆ ತಿರುಗುವುದಿಲ್ಲ. ಅದು ಹುಡುಕಿಕೊಂಡು ಹೋಗಿ ಅಳಿಯನ ಮೇಲೆ ಕೂತಿತು.

ಮೋಸ ಹೇಗೆ ಮಾಡುತ್ತಾರೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಒಮ್ಮೆ ಅವಳೇ ಮಾಡಿದ್ದಳು. ಹತ್ತಿ ಸಿಗದ ಒಂದು ವರ್ಷ, ಮಕ್ಕಳಿಬ್ಬರಿಗೂ ಜ್ವರ, ಗಿರಾಕಿ ಬಾಗಿಲಲ್ಲಿ. ನಾಲ್ಕು ಮೂಲೆಗಳನ್ನೂ ಕಲ್ಲಿನ ಹಾಗೆ ತುಂಬಿ ನಡುವೆ ಮಾತ್ರ ತೆಳ್ಳಗೆ ಹರಡಿದಳು. ಹಾಸಿಗೆ ಕೊಳ್ಳುವವನು ಹಿಸುಕಿ ನೋಡುವುದು ಮೂಲೆಯನ್ನೇ. ಆ ಗಿರಾಕಿ ಹಿಸುಕಿದ, ತಲೆಯಾಡಿಸಿದ, ಹೊತ್ತುಕೊಂಡು ಹೋದ. ಅವನು ಈಚೆಗೆ ತೀರಿಕೊಂಡನೆಂದು ಕೇಳಿದಾಗಲೂ ಅವಳಿಗೆ ಮೊದಲು ನೆನಪಾದದ್ದು ಅವನ ಸೊಂಟ. ಈಗ ಅಳಿಯನೂ ಹಾಗೇ ಕಣ್ಣಿಗೆ ಮಣ್ಣೆರಚಿರಬೇಕು. ನಾಲ್ಕು ಮೂಟೆ ಉಳಿಸಿ ಇನ್ನೊಂದು ಮನೆಗೆ ಹೊತ್ತಿರಬೇಕು. ಮುದುಕಿಯ ಕೋಣೆ ತಾನೆ, ಯಾರು ಕೇಳುತ್ತಾರೆ.

ಆ ಭಾನುವಾರ ಮಗಳು, ಅಳಿಯ ಊಟಕ್ಕೆ ಬಂದರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಮಗ ಕಾರ್ಖಾನೆಯಿಂದ ತಂದ ಮೆತ್ತನೆಯ ಬ್ರೆಡ್ಡು. ಅಳಿಯ ಮೊದಲಿನಿಂದಲೂ ಮಾತು ಕಡಿಮೆ, ಗುಮ್ಮನ ಗುಸಕ. ಹಾಸಿಗೆಯಮ್ಮ ಅವನ ಎದುರಿನ ಕುರ್ಚಿಯನ್ನೇ ಆರಿಸಿಕೊಂಡಳು.

"ಮುಂದಿನ ಬೀದಿ ಮೇಷ್ಟ್ರ ಮನೆಗೂ ನೀವೇ ತುಂಬಿದ್ದಂತೆ?"

"ಹೂಂ ಅತ್ತೆ."

"ಎಷ್ಟು ಮೂಟೆ ಹಿಡೀತು?"

"ಮೂವತ್ತು."

"ನಮ್ಮನೇಗೆ?"

ಅಳಿಯನ ಕೈಯಲ್ಲಿದ್ದ ಬ್ರೆಡ್ಡು ಬಾಯಿಗೆ ಹೋಗಲಿಲ್ಲ. ಅವನು ಒಮ್ಮೆ ಮಗನ ಕಡೆ ನೋಡಿದ, ಒಮ್ಮೆ ತಟ್ಟೆಯ ಕಡೆ. "ಇಪ್ಪತ್ತಾರು... ಇಪ್ಪತ್ತೇಳು ಇರ್ಬೇಕು."

"ಹಿಂಕೋಣೆ ಸೇರಿಸಿ?"

"ಊಟದ ಹೊತ್ತಲ್ಲಿ ಮೂಟೆ ಯಾಕಮ್ಮ?" ಮಗಳು ನಡುವೆ ಬಾಯಿ ಹಾಕಿದಳು. "ಆಲೂಗಡ್ಡೆ ತಣ್ಣಗಾಗ್ತಿದೆ, ತಿನ್ನು."

"ನಂದು ಎಲ್ಲಾನೂ ತಣ್ಣಗೇ ಇರೋದು ಈಗ."

ಅಳಿಯ ಬೇಗ ಬೇಗ ಉಂಡು, ಯಂತ್ರದ ಬೆಲ್ಟು ಬದಲಾಯಿಸಬೇಕೆಂದು ಎದ್ದ. ಹೊರಡುವಾಗ ಹಿಂಕೋಣೆಯ ಬಾಗಿಲ ಬಳಿ ಒಂದು ಗಳಿಗೆ ನಿಂತ. ಹಾಸಿಗೆಯಮ್ಮ ಹತ್ತಿರ ಬರುವಷ್ಟರಲ್ಲಿ ಮಗಳು ಅವನ ತೋಳು ಹಿಡಿದು ಕರೆದುಕೊಂಡು ಹೋದಳು.

ಹಾಸಿಗೆಯಮ್ಮನಿಗೆ ಅನುಮಾನ ಖಾತ್ರಿಯಾಯಿತು, ಅದರ ಜೊತೆಗೇ ಹೆದರಿಕೆಯೂ ಹುಟ್ಟಿತು. ಬಾಯಿಬಿಟ್ಟು ಹೇಳಿದರೆ ಮಗ ಸುಮ್ಮನಿರುವವನಲ್ಲ. ಭಾವ, ಭಾವಮೈದುನರ ನಡುವೆ ಮಾತು ಬೆಳೆದು ಎರಡು ಮನೆಯ ಬಾಗಿಲು ಮುಚ್ಚುತ್ತದೆ. ನಡುವೆ ಸಿಕ್ಕಿ ನಲುಗುವವಳು ಮಗಳು. ಆ ಹುಡುಗಿ ಐದು ವರ್ಷದವಳಿದ್ದಾಗಿನಿಂದ ಅಮ್ಮನ ಪಕ್ಕ ಕೂತು ಹತ್ತಿಯಲ್ಲಿನ ಬೀಜ ಆರಿಸಿದವಳು, ಅಮ್ಮನ ಪ್ರತಿ ಕಷ್ಟಕ್ಕೂ ಸಾಕ್ಷಿಯಾದವಳು. ಅವಳಿಗೋಸ್ಕರ ಹಲ್ಲು ಕಚ್ಚಿಕೊಂಡು ಒಂದು ಚಳಿಗಾಲ ಕಳೆದುಬಿಡಲೇ ಎಂದು ಹಾಸಿಗೆಯಮ್ಮ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಬೆಳಗ್ಗೆ ಬೆರಳುಗಳು ಮಡಚಿಕೊಳ್ಳಲೇ ಇಲ್ಲ, ಸ್ವೆಟರಿನ ಗುಂಡಿಯನ್ನು ಮೊಮ್ಮಗಳು ಹಾಕಬೇಕಾಯಿತು. ಮಗಳ ಸಂಸಾರ ದೊಡ್ಡದು, ನಿಜ. ಆದರೆ ಸತ್ಯ ಏನೆಂದು ತನಗಾದರೂ ತಿಳಿದಿರಲಿ ಎಂದುಕೊಂಡಳು.

ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಬಿಸಿನೀರಲ್ಲಿ ಬೆರಳು ಸಡಿಲಿಸಿಕೊಂಡು, ತನ್ನ ಹಳೆಯ ಡಬ್ಬಿಯಿಂದ ಒಂದು ಗೇಣುದ್ದದ ದಬ್ಬಣ ತೆಗೆದುಕೊಂಡು ಅಂಗಳಕ್ಕಿಳಿದಳು. ಬಿರಡೆಗಳಿಗೆ ಇನ್ನೂ ಬಣ್ಣ ಬಳಿದಿರಲಿಲ್ಲ, ಬೇಸಿಗೆಯಲ್ಲಿ ಬಳಿಯೋಣ ಎಂದಿದ್ದ ಮಗ. ಮೊದಲು ಅಡುಗೆಮನೆಯ ಗೋಡೆಗೆ ಹೋದಳು. ಎದೆಮಟ್ಟದ ಬಿರಡೆಯೊಂದರ ನಡುವೆ ದಬ್ಬಣ ಚುಚ್ಚಿ ಒತ್ತಿದಳು. ಬೆಂಡು ದಾಟಿದ ಕೂಡಲೇ ದಬ್ಬಣ ನಿಧಾನವಾಯಿತು. ಒಳಗೆ ಅರಳೆ ಗಟ್ಟಿಯಾಗಿ ಕೂತು ಅದನ್ನು ಹಿಡಿದುಕೊಂಡಿತು. ನಲವತ್ತು ವರ್ಷ ಪರಿಚಯದ ಹಿಡಿತ ಅದು. ಚೆನ್ನಾಗಿ ತುಂಬಿದ್ದಾನೆ, ಒಪ್ಪಲೇಬೇಕು. ಹಜಾರದ ಗೋಡೆಯೂ ಹಾಗೇ ಇತ್ತು.

ಆಮೇಲೆ ತನ್ನ ಗೋಡೆಗೆ ಬಂದಳು. ನಡುವಿನ ಬಿರಡೆಗೆ ಚುಚ್ಚಿದಳು. ದಬ್ಬಣ ಗಾಳಿಯಲ್ಲಿ ಹೋದ ಹಾಗೆ ಹೋಗಿ ಆಚೆ ಪದರದ ಹಲಗೆಗೆ ಟಕ್ ಎಂದು ತಗುಲಿತು. ಅವಳು ಆಶ್ಚರ್ಯಪಡಲಿಲ್ಲ. ನಡುವೆ ಖಾಲಿ ಇರುತ್ತದೆಂದು ಗೊತ್ತೇ ಇತ್ತು. ಪಕ್ಕದ್ದಕ್ಕೆ ಚುಚ್ಚಿದಳು, ಟಕ್. ಅದರ ಪಕ್ಕದ್ದಕ್ಕೂ, ಉಳಿದವಕ್ಕೂ. ಕೊನೆಗೆ ಎರಡು ತುದಿಯ ಮೂಲೆಗಳಿಗೂ ಹೋದಳು. ಅಲ್ಲೂ ಟಕ್. ಎಂಟು ಖಾನೆಯಲ್ಲಿ ಒಂದು ಹಿಡಿ ಅರಳೆ ಇರಲಿಲ್ಲ.

ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಳು. ಇದು ಮೋಸಗಾರನ ಕೆಲಸವಲ್ಲ. ಮೋಸ ಮಾಡುವವನು ಮೂಲೆ ತುಂಬುತ್ತಾನೆ. ಎರಡು ಮೂಟೆಯಾದರೂ ಖರ್ಚು ಮಾಡಿ, ಯಾರಾದರೂ ಬಂದು ತಡಕಿದರೆ ತೋರಿಸಲು ಒಂದಿಷ್ಟು ಇಟ್ಟಿರುತ್ತಾನೆ. ಒಂದು ಹಿಡಿಯನ್ನೂ ಹಾಕದೆ ಎಂಟು ತೂತು ಕೊರೆದು ಎಂಟು ಬಿರಡೆ ಜಡಿದವನು ಅರಳೆ ಕದ್ದವನಲ್ಲ. ತುಂಬಬೇಡ ಎಂದು ಯಾರೋ ಹೇಳಿದ್ದನ್ನು ಹಾಗೇ ಮಾಡಿದವನು. ಹೇಳುವವರು ಎಷ್ಟು ಜನ ಇದ್ದಾರೆ ಈ ಮನೆಯಲ್ಲಿ?

ಬಸ್ಸು ಹಿಡಿದು ಅಳಿಯನ ಗೋದಾಮಿಗೆ ಹೋದಳು. ಮೂಟೆಗಳ ನಡುವೆ ಯಂತ್ರ ಬಿಚ್ಚಿಕೊಂಡು ಕೂತಿದ್ದವನು ಅವಳನ್ನು ಕಂಡು ಎದ್ದು ನಿಂತ. ಕೈಯ ಗ್ರೀಸು ಒರೆಸಿಕೊಂಡ. ಸ್ಟೂಲು ತಂದಿಟ್ಟ. ಅವಳು ಕೂರಲಿಲ್ಲ.

"ನನ್ನ ಗೋಡೆ ಯಾಕೆ ಖಾಲಿ?"

ಅವನು ಸುಳ್ಳು ಹೇಳಲು ಹೋಗಲಿಲ್ಲ. ಯಾವಾಗ ಕೇಳುತ್ತಾರೋ ಎಂದು ಕಾದವನ ಹಾಗೆ ಉಸಿರು ಬಿಟ್ಟ.

"ಭಾವ ಬೇಡ ಅಂದ್ರು ಅತ್ತೆ. ಬೇಸಿಗೇಲಿ ಆ ಕೋಣೆ ಒಡೀತಾರೆ. ಸ್ವಂತ ವ್ಯಾನ್ ತಗೊಳ್ತಿದಾರಲ್ಲ, ನಿಲ್ಲಿಸೋಕೆ ಹಿತ್ತಲಲ್ಲಿ ಜಾಗ ಬೇಕಂತೆ. ಒಡೆಯೋ ಗೋಡೆಗೆ ಮೂಟೆ ಯಾಕೆ ದಂಡ ಅಂದ್ರು."

"ನಾನು?"

"ನೀವು ನಮ್ಮನೇಗೆ ಬರೋದು ಅಂತ."

"ನಂಗೆ ಯಾರೂ ಹೇಳಿಲ್ಲ."

"ಗೊತ್ತು." ಅವನ ತಲೆ ತಗ್ಗಿತು. "ಒಂದು ಚಳಿಗಾಲಕ್ಕಾದ್ರೂ ತುಂಬೋಣ, ಮೂಟೆ ನಂದೇ ಹಾಕ್ತೀನಿ ಅಂದೆ. ನನ್ನ ಮಾತು ನಡೀಲಿಲ್ಲ."

"ತುಂಬದೇ ಇದ್ರೆ ಬಿಡಿ. ಬಿರಡೆ ಯಾಕೆ ಹಾಕಿದ್ರಿ? ಅದೂ ಅವನೇ ಹೇಳಿದ್ನಾ?"

ಅಳಿಯ ಯಂತ್ರದ ಬೆಲ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಅದು ಇವಳು ಹೇಳಿದ್ದು. ನಿಮ್ಮ ಮಗಳು. ಅಮ್ಮ ಹೊರಗೆ ಬಂದು ಎಣಿಸಿ ನೋಡ್ತಾಳೆ, ತೂತು ಇಲ್ಲದಿದ್ರೆ ಅವತ್ತೇ ಗೊತ್ತಾಗತ್ತೆ ಅಂದ್ಲು. ನಿಮ್ಮನ್ನ ಕಣ್ಣಿನ ಪರೀಕ್ಷೆಗೆ ಕರ್ಕೊಂಡು ಹೋಗಿದ್ದೂ ಅದಕ್ಕೇ."

ಹಾಸಿಗೆಯಮ್ಮ ಆಗ ಸ್ಟೂಲಿನ ಮೇಲೆ ಕೂತಳು. ಮಗನ ಮಾತು ಕೇಳಿದಾಗ ಸಿಟ್ಟು ಬಂದಿತ್ತು, ಇದಕ್ಕೆ ಸಿಟ್ಟೂ ಬರಲಿಲ್ಲ. ಎಣಿಸಿ ನೋಡುವುದನ್ನು ಆ ಹುಡುಗಿಗೆ ಕಲಿಸಿದವಳೇ ತಾನು. ಅಳು ಬಂತು. ಅಳಿಯನ ಎದುರಿಗೆ ಅಳಬಾರದೆಂದು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅವನು ಒಂದು ಖಾಲಿ ಮೂಟೆಯನ್ನು ಮಡಚಿ ಅವಳ ಬೆನ್ನಿಗೆ ಆಸರೆಯಾಗಿ ಇಟ್ಟ.

"ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ," ಎಂದಳು ಕೊನೆಗೆ.

"ಭಾನುವಾರನೇ ಗೊತ್ತಾಯ್ತು ಅತ್ತೆ," ಎಂದ ಅವನು.

ಆ ಸಂಜೆ ಊಟಕ್ಕೆ ಕ್ಯಾರೆಟ್ ಹಾಕಿದ ಸೂಪು. ಮಗ ದೊಡ್ಡ ದನಿಯಲ್ಲಿ ಕಾರ್ಖಾನೆಯ ಮೇಸ್ತ್ರಿಯ ಕಥೆ ಹೇಳುತ್ತಿದ್ದ. ಹಾಸಿಗೆಯಮ್ಮ ಅವನು ಮುಗಿಸುವವರೆಗೂ ಕಾದಳು.

"ಹಿಂಕೋಣೆ ಯಾವ ತಿಂಗಳು ಒಡೀತೀಯಾ?"

ಮಗನ ಚಮಚ ಬಟ್ಟಲಿನ ಅಂಚಿಗೆ ತಗುಲಿ ಸೂಪು ಮೇಜಿಗೆ ಚೆಲ್ಲಿತು. ಸೊಸೆ ಒರೆಸಲು ಬಟ್ಟೆ ತೆಗೆದುಕೊಂಡಳು, ಮುಖದಲ್ಲಿ ಆಶ್ಚರ್ಯವೇ ಇಲ್ಲ.

"ಇದೇನು ಹೊಸದಾಗಿ ಕೇಳ್ತೀರಿ ಅತ್ತೆ? ನೀವು ಒಪ್ಕೊಂಡಿದ್ದೀರಲ್ಲ."

"ನಾನು ಒಪ್ಕೊಂಡಿದ್ದೀನಾ?"

ಸೊಸೆ ಒರೆಸುವುದನ್ನು ನಿಲ್ಲಿಸಿದಳು. ಗಂಡನ ಕಡೆ ತಿರುಗಿದಳು. "ಅಮ್ಮಂಗೆ ಹೇಳಿದ್ದೀನಿ, ಖುಷಿಯಿಂದ ಒಪ್ಕೊಂಡ್ಲು ಅಂದ್ರಲ್ಲ?"

"ಹೇಳ್ಬೇಕು ಅಂತಿದ್ದೆ," ಎಂದ ಮಗ.

"ಅಂತಿದ್ರಾ? ಒಪ್ಕೊಂಡ ಮೇಲೆ ಹೋಗೋ ಮನಸ್ಸಿಲ್ದೆ ಚಳಿ ಚಳಿ ಅಂತ ನಾಟಕ ಆಡ್ತಿದಾರೆ ಅಂದ್ಕೊಂಡಿದ್ದೀನಿ ನಾನು. ಬೇಕು ಅಂತಲೇ ಕಿಟಕಿ ತೆಗೀತಾರೆ ಅಂತ ಪಟ್ಟಿ ಅಂಟಿಸಿದ್ದೀನಿ."

"ಕಿಟಕಿ ತೆಗೆಯೋದೇ ಬೇಡ," ಎಂದಳು ಹಾಸಿಗೆಯಮ್ಮ. "ಗೋಡೇನೇ ತೆಗೆದಿಟ್ಟ ಹಾಗಿದೆ. ಎಂಟು ಖಾನೇಲಿ ಒಂದು ಹಿಡಿ ಅರಳೆ ಇಲ್ಲ. ಬರಿ ಬಿರಡೆ ಇದೆ."

ಮೊಮ್ಮಗಳು, "ಅದಕ್ಕೇ ಹನ್ನೆರಡು," ಎಂದು ಮೆಲ್ಲಗೆ ಅಂದಳು. ಸೊಸೆ ಅವಳನ್ನು ಸುಮ್ಮನಿರು ಎಂಬಂತೆ ನೋಡಿ ಗಂಡನನ್ನೇ ಕೇಳಿದಳು, "ನಿಜಾನಾ?"

"ಒಂದು ಚಳಿಗಾಲಕ್ಕೆ ತಾನೇ ಅಂತ..." ಮಗ ಅಮ್ಮನ ಕಡೆ ನೋಡಿದ. "ಒಂದೇ ಚಳಿಗಾಲ ಅಮ್ಮ. ಮುಂದಿನ ವರ್ಷ ತಂಗಿ ಮನೇಲಿ ಬೆಚ್ಚಗಿರ್ತೀಯಲ್ಲ ಅಂದ್ಕೊಂಡೆ."

"ಎಪ್ಪತ್ತೊಂದು ವರ್ಷದೋಳಿಗೆ ಒಂದು ಚಳಿಗಾಲ ಅಂದ್ರೆ ಎಷ್ಟು ಅಂತ ನಿಂಗೆ ಗೊತ್ತಿಲ್ಲ," ಎಂದಳು ಅವಳು. ದನಿ ಏರಿಸಲಿಲ್ಲ. "ವ್ಯಾನ್ ಬೇಕು, ಜಾಗ ಬೇಕು ಅಂದಿದ್ರೆ ಕೊಡ್ತಿದ್ದೆನೋ ಏನೋ. ನೀನು ಕೇಳ್ಲೇ ಇಲ್ಲ. ರಕ್ತ ಓಡಲ್ಲ ಅಂದೆ. ಮಗುವಿನ ಥರ್ಮಾಮೀಟರ್ ಸುಳ್ಳು ಅಂದೆ. ಕೋಣೆ ಒಳಗೆ ಕಾಲಿಡ್ಲಿಲ್ಲ, ಇಟ್ರೆ ಗೊತ್ತಾಗಿಬಿಡತ್ತೆ ಅಂತ."

ಮಗನ ಕಣ್ಣಲ್ಲಿ ನೀರು ಇತ್ತು. ಅದನ್ನು ನೋಡಿ ಹಾಸಿಗೆಯಮ್ಮ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಆದರೂ ನಂಬಿಕೆ ಬರಲಿಲ್ಲ. ಸಿಕ್ಕಿಬಿದ್ದದ್ದಕ್ಕೆ ಬಂದ ನೀರೋ, ಮಾಡಿದ್ದಕ್ಕೆ ಬಂದ ನೀರೋ ಯಾರಿಗೆ ಗೊತ್ತು. ಆರು ವಾರದ ಹಿಂದೆ ಅವಳು ಹೀಗೆ ಯೋಚಿಸುವವಳಾಗಿರಲಿಲ್ಲ.

ಸೊಸೆ ಬಟ್ಟೆ ಹಿಂಡಿ ತಂತಿಗೆ ಹಾಕಿ ಬಂದಳು. "ಅತ್ತೆ, ಇವತ್ತಿಂದ ನೀವು ನನ್ನ ಪಕ್ಕ ಮಲಗಿ. ಇವರು ಹಿಂಕೋಣೇಲಿ ಮಲಗ್ತಾರೆ."

"ನನ್ನ ಬೆನ್ನು..." ಎಂದ ಮಗ.

"ಹಾಸಿಗೆ ಅತ್ತೆ ಹೊಲಿದಿದ್ದು, ಬೆನ್ನಿಗೇನೂ ಆಗಲ್ಲ. ಹೀಟರ್ ಅಟ್ಟದಲ್ಲೇ ಇರಲಿ. ಕರೆಂಟು ಉಳೀಬೇಕಲ್ಲ."

ಮೊದಲ ಬೆಳಗ್ಗೆ ಮಗ ಕಂಬಳಿ ಸುತ್ತಿಕೊಂಡು ಹಜಾರಕ್ಕೆ ಬಂದು ಹೀಟರಿನ ಮುಂದೆ ಕೂತ. ಎರಡನೆಯ ಬೆಳಗ್ಗೆ ಸೀನುತ್ತ ಬಂದ. ಮೂರನೆಯ ದಿನ ಅವನೇ ಭಾವಮೈದುನನಿಗೆ ಫೋನು ಮಾಡಿದ. ಮಧ್ಯಾಹ್ನ ಅಳಿಯ ಯಂತ್ರದ ಜೊತೆ ಬಂದು ಎಂಟು ಬಿರಡೆಯನ್ನೂ ಕಿತ್ತ. ಅತ್ತೆಗೆಂದು ತಾನೇ ಸ್ಟೂಲು ತಂದು ಅಂಗಳದಲ್ಲಿಟ್ಟ. ಅವಳು ಕೂತು, ಪ್ರತಿ ಖಾನೆಯೂ ತುಂಬುವವರೆಗೂ ನೋಡಿದಳು. ನಾಲ್ಕು ಮೂಟೆ ಹಿಡಿಯಿತು.

ಮಗಳು ಬರಲಿಲ್ಲ. ಫೋನು ಮಾಡಿದಳು. "ಅಮ್ಮ, ನಿನ್ನ ಒಳ್ಳೇದಕ್ಕೇ ಮಾಡಿದ್ದು. ಮೊದಲೇ ಹೇಳಿದ್ರೆ ನೀನು ಚಳಿಗಾಲ ಪೂರ್ತಿ ಕೊರಗ್ತಿದ್ದೆ. ನಿಂಗೆ ಅಂತ ಕೋಣೆಗೆ ಬಣ್ಣನೂ ಹೊಡೆಸ್ತಿದ್ದೀನಿ, ಗೊತ್ತಾ?"

"ಕನ್ನಡಕ ಚೆನ್ನಾಗಿದೆ ಕಣೇ," ಎಂದಳು ಹಾಸಿಗೆಯಮ್ಮ. "ಎಲ್ಲಾ ಕಾಣ್ಸತ್ತೆ."

ಫೋನು ಇಟ್ಟ ಮೇಲೆ ಆ ದಿನ ಅವಳು ಊಟ ಮಾಡಲಿಲ್ಲ. ಮಗನ ಮೇಲಿನ ಸಿಟ್ಟು ಇವತ್ತಲ್ಲ ನಾಳೆ ಇಳಿಯಬಹುದಿತ್ತು. ಮಗಳ ವಿಷಯ ನೆನೆದಾಗಲೆಲ್ಲ ಒಳಗೆ ಏನೋ ಕುಸಿದ ಹಾಗಾಗುತ್ತಿತ್ತು. ಅದಕ್ಕೆ ಯಾವ ಯಂತ್ರ ತಂದು ಏನು ಊದಬೇಕೋ ಅವಳಿಗೆ ತಿಳಿಯಲಿಲ್ಲ.

ಮುಂದಿನ ವಾರಕ್ಕೆ ಹಿಂಕೋಣೆ ಉಳಿದೆಲ್ಲ ಕೋಣೆಗಳ ಹಾಗೇ ಬೆಚ್ಚಗಾಯಿತು. ಮೊಮ್ಮಗಳು ಥರ್ಮಾಮೀಟರ್ ಇಟ್ಟು ನೋಡಿ ಇಪ್ಪತ್ತು ಎಂದು ಬರೆದುಕೊಂಡಳು. ಭಾನುವಾರ ಬೆಳಗ್ಗೆ ಹಾಸಿಗೆಯಮ್ಮ ಮೇಜಿನ ಮುಂದೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಮಗ ಬಂದು ಎದುರಿಗೆ ನಿಂತ.

"ಅಮ್ಮ, ಹಿಂಕೋಣೆ ಈಗ ಬೆಚ್ಚಗಿದೆ. ಬಂದು ನೋಡು."

"ನೋಡಿದೆ. ನೀನು ಕೆಲಸಕ್ಕೆ ಹೋದಾಗ ದಿನಾ ನೋಡ್ತೀನಿ."

"ಹಾಗಾದ್ರೆ ನಿನ್ನ ಬಟ್ಟೆಬರೆ ಎಲ್ಲ ಅಲ್ಲಿಗೇ ವಾಪಸ್ ಇಡ್ಲಾ? ಇವತ್ತು ರಜ ಇದೆ ನಂಗೆ."

"ಬೇಡ."

ಸೊಸೆ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಮೊಟ್ಟೆ ಕದಡುವ ಸದ್ದು ನಿಂತಿತು, ಆದರೆ ಅವಳು ತಿರುಗಲಿಲ್ಲ.

"ಮತ್ತೆ ನಾನು ಎಷ್ಟು ದಿನ ಅಂತ ಅಲ್ಲಿ ಇರಲಿ?" ಎಂದ ಮಗ.

"ಯಾಕೆ, ಬೆಚ್ಚಗಿದೆ ಅಂದ್ಯಲ್ಲ." ಹಾಸಿಗೆಯಮ್ಮ ಬ್ರೆಡ್ಡಿನ ಅಂಚಿನವರೆಗೂ ಬೆಣ್ಣೆ ಎಳೆದಳು. "ಬೇಸಿಗೇಲಿ ಒಡೆಯೋದಿದ್ರೆ ಒಡಿ, ನಾನು ಬೇಡ ಅನ್ನಲ್ಲ. ಒಳಗೆ ಇರೋನು ನೀನೇ ತಾನೆ."